ಒಂದರ ತಪ್ಪು ಒಂದರೊಳಗೆ

ಚೌಕಾಸಿ ಮಾಡದೆ ನಾನು ಕೊಂಡದ್ದು ಬಸ್ಸಿನ ಟಿಕೀಟು ಒಂದೇ. ಅದೂ ಕಂಡಕ್ಟರ್ ಒಪ್ಪಲಿಲ್ಲ ಎಂಬ ಕಾರಣಕ್ಕೆ. ಹೋಟಗಿ ಸ್ಟೇಷನ್ನಿನಲ್ಲಿ ಪೇರಲ ಮಾರುವ ಅಜ್ಜಿ ನನ್ನನ್ನು ದೂರದಿಂದ ಕಂಡರೆ ಬುಟ್ಟಿಗೆ ಅರಿವೆ ಮುಚ್ಚುತ್ತಿದ್ದಳು. ಸೊಲ್ಲಾಪುರದಲ್ಲಿ ಕಂಪ್ಯೂಟರಿನ ತಂತಿ ಎಳೆಯುವ ಧಂದೆ ಹೂಡಿ, ಯಾರ ಆಸರೆಯೂ ಇಲ್ಲದೆ ಮೇಲೆ ಬಂದವನು ನಾನು. ಹಾಗಾಗಿ ಬುದ್ಧಿ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಕೇಳಿ: ಏನನ್ನಾದರೂ ಚೌಕಾಸಿ ಮಾಡಿ, ಹಳೆಯ ಸ್ವಿಚ್ಚನ್ನು ಮಾತ್ರ ಮಾಡಬೇಡಿ.

ಸ್ವಿಚ್ ಎಂದರೆ ದೀಪದ ಗುಂಡಿಯಲ್ಲ. ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಟವೆಲ್ ಕಾರ್ಖಾನೆಯಲ್ಲಿ ಅಂಥ ಆರು ಪೆಟ್ಟಿಗೆ ಕೂಡಿಸುವ ಕೆಲಸ ನನಗೂ ಸಿದ್ದಣ್ಣ ಕಾಕಾನಿಗೂ ಸಿಕ್ಕಿತು. ಕಾಕಾ ನನ್ನ ರಕ್ತಸಂಬಂಧಿಯಲ್ಲ. ಟೆಲಿಫೋನ್ ಖಾತೆಯಲ್ಲಿ ಆಯುಷ್ಯವೆಲ್ಲ ತಂತಿ ಜೋಡಿಸಿ ನಿವೃತ್ತರಾದವರು. ಮನೆಯಲ್ಲಿ ಕೂತರೆ ಕೈ ಜಡ್ಡುಗಟ್ಟುತ್ತದೆಂದು ಅಕ್ಕಲಕೋಟದಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದರು. ಆ ಕಾರ್ಖಾನೆಯಲ್ಲಿ ಲೆಕ್ಕದವರ ಕಂಪ್ಯೂಟರು ಗೋದಾಮಿನವರಿಗೆ ಕಾಣಬಾರದು, ಡಿಸೈನಿನವರದು ಇಬ್ಬರಿಗೂ ಕಾಣಬಾರದು. ಆದರೆ ಪೆಟ್ಟಿಗೆಗಳು ಮಾತ್ರ ಅವೇ. ಒಂದೇ ವಾಡೆಯಲ್ಲಿ ಅಣ್ಣತಮ್ಮಂದಿರು ಗೋಡೆ ಎಬ್ಬಿಸದೆ ಒಲೆ ಬೇರೆ ಹೂಡುತ್ತಾರಲ್ಲ, ಹಾಗೆ. ಈ ಬೇರೆ ಒಲೆಗಳಿಗೆ ವಿ-ಲ್ಯಾನ್ ಎಂದು ಹೆಸರು. ಯಾವ ಒಲೆ ಯಾರದು ಎಂಬ ಪಟ್ಟಿ ಆರೂ ಪೆಟ್ಟಿಗೆಗಳಲ್ಲಿ ಇರಬೇಕು. ಅದನ್ನು ಬರೆಯುವುದು ಹೇಗೆ ಎಂಬುದೇ ನಮ್ಮ ಜಗಳ.

"ಒಂದಕ್ಕ ಹೇಳಿದ್ರ ಉಳದವಕ್ಕ ಅದ ಹೇಳತೈತ್ರೀ ಕಾಕಾ. ಆರು ಕಡಿ ಯಾಕ ತಿರಗತೀರಿ, ಮೊಣಕಾಲು ನೋಯಂಗಿಲ್ಲೇನು?" ಎಂದೆ.

"ಮೊಣಕಾಲು ನಂದು, ನಿಂದೇನು ಗಂಟು ಹೋಗತೈತಿ?" ಎಂದರು ಕಾಕಾ. "ಒಂದೊಂದಕ್ಕೂ ಹೋಗಿ ಕೈಲೆ ಬರದ್ರ ಒಂದರ ತಪ್ಪು ಒಂದರಾಗ ಉಳೀತೈತಿ. ನೀ ಹೇಳೂದ್ರಾಗ ಒಂದಕ್ಕ ಹುಚ್ಚ ಹಿಡೀತಂದ್ರ ಎಲ್ಲಾಕ್ಕೂ ಹಿಡೀತೈತಿ, ತಮ್ಮಾ."

ನನ್ನ ದನಿ ದೊಡ್ಡದು, ಆದ್ದರಿಂದ ನಾನೇ ಗೆದ್ದೆ. ಕಾಕಾ ಮಾತ್ರ ಸುಮ್ಮನೆ ಒಂದು ನೋಟುಬುಕ್ಕಿನಲ್ಲಿ ಆರೂ ಪಟ್ಟಿಗಳನ್ನು ದುಂಡಗೆ ಬರೆದಿಟ್ಟುಕೊಂಡರು. ಕಾಕಾ ಇನ್ನೂ ಶಾಲೆಯ ಪಾಟಿ ಪೆನ್ಸಿಲ್ ಬಿಟ್ಟಿಲ್ಲವೆಂದು ನಾನು ನಕ್ಕೆ.

ಏಳನೆಯ ಪೆಟ್ಟಿಗೆ ಬೇಕಾದಾಗ ಪುಣೆಗೆ ಹೋದೆ. ಹಳೆಯ ಸಾಮಾನಿನ ವ್ಯಾಪಾರಿ, ಒಳಗಿನ ಹಿಂದಿನ ಪಟ್ಟಿ ಒರೆಸಿ ಕೊಡುತ್ತೇನೆ, ನಾಳೆ ಬನ್ನಿ ಎಂದ. ಒರೆಸುವುದು ಬೇಡ, ಆ ಶ್ರಮಕ್ಕೆ ದರ ಇಳಿಸು ಎಂದೆ. ಇಳಿಸಿದ. ಸೊಲ್ಲಾಪುರದವರೆಗೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತ ಬಂದೆ.

"ಒಳಗೇನೈತಿ ಒಮ್ಮಿ ನೋಡೂಣು," ಎಂದರು ಕಾಕಾ, ತಂತಿ ಕೈಯಲ್ಲಿ ಹಿಡಿದು.

"ಖಾಲಿ ಐತ್ರೀ, ಹಚ್ಚರಿ," ಎಂದೆ. ಕಾಕಾ ಹಚ್ಚಿದರು.

ಈ ಪೆಟ್ಟಿಗೆಗಳದೊಂದು ನ್ಯಾಯವಿದೆ: ಯಾರ ಪಟ್ಟಿ ಹೆಚ್ಚು ಸಲ ತಿದ್ದಲ್ಪಟ್ಟಿದೆಯೋ ಅವನದೇ ಹೊಸತು, ಅವನದೇ ಸತ್ಯ, ಉಳಿದವರು ತಮ್ಮದನ್ನು ಅಳಿಸಿಕೊಳ್ಳಬೇಕು. ಪೆಟ್ಟಿಗೆಗಳ ಬಳಗಕ್ಕೊಂದು ಬೇರೆ ಹೆಸರಿಟ್ಟರೆ ಹೊರಗಿನವರ ಮಾತು ಒಳಗೆ ನಡೆಯುವುದಿಲ್ಲ. ಕೈಪಿಡಿಯಲ್ಲಿ ಉದಾಹರಣೆಗೆಂದು ಕೊಟ್ಟಿದ್ದ ಹೆಸರನ್ನೇ ನಾನು ಇಟ್ಟಿದ್ದೆ. ಪುಣೆಯವರೂ ನನ್ನಷ್ಟೇ ಜಾಣರು, ಅದೇ ಹೆಸರಿಟ್ಟಿದ್ದರು. ಕಣ್ಣು ಮಿಟುಕಿಸುವುದರಲ್ಲಿ ಆರೂ ಪೆಟ್ಟಿಗೆಗಳು ನಮ್ಮ ಒಲೆಗಳನ್ನು ಮರೆತು ಪುಣೆಯ ಯಾವುದೋ ಆಫೀಸಿನ ಪಟ್ಟಿ ಒಪ್ಪಿಸತೊಡಗಿದವು. ಬಿಲ್ಲು ನಿಂತಿತು, ಮಾಲು ಹೇರಿದ ಲಾರಿಗಳು ಗೇಟಿನಲ್ಲೇ ನಿಂತವು. ಮಾಲಕರು ಮೆಟ್ಟಿಲಿಳಿದು ಬಂದು, ಇದು ಯಾರ ಕೈ ಎಂದು ಕೇಳಿದರು. ನಾನು ಪುಣೆಯ ವ್ಯಾಪಾರಿಯಿಂದ ಶುರು ಮಾಡೋಣವೆಂದು ಬಾಯಿ ತೆರೆದೆ.

"ನಂದರೀ ಮಾಲಕರ," ಎಂದರು ಕಾಕಾ. "ವೈರು ನಾನ ಹಚ್ಚೀನಿ."

ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ. ಸಂಜೆಯೊಳಗೆ ಕಾಕಾ ಆರೂ ಕಡೆ ಕುಂಟುತ್ತ ತಿರುಗಿ, ನೋಟುಬುಕ್ಕು ನೋಡಿ ಎಲ್ಲವನ್ನೂ ಕೈಯಿಂದ ಮತ್ತೆ ಬರೆದರು. ಕಾರ್ಖಾನೆ ನಡೆಯಿತು. ನಾಳೆಯಿಂದ ಈ ಮುದುಕ ನನ್ನ ಕಾರ್ಖಾನೆಯೊಳಗೆ ಕಾಣಬಾರದು ಎಂದರು ಮಾಲಕರು.

ಬಸ್ ಸ್ಟ್ಯಾಂಡಿನಲ್ಲಿ "ಯಾಕ ಹಂಗಂದ್ರಿ ಕಾಕಾ?" ಎಂದು ಕೇಳಿದೆ.

"ಒಂದರ ತಪ್ಪು ಒಂದರಾಗ ಉಳೀಲಿ ತಮ್ಮಾ. ಇಬ್ಬರ ಹೆಸರೂ ಕೆಟ್ರ ನಿನ್ನ ಧಂದಾ ಹೆಂಗ ನಡೀಬೇಕು?" ಎಂದು ನೋಟುಬುಕ್ಕನ್ನು ನನ್ನ ಕೈಗಿಟ್ಟು ಅಕ್ಕಲಕೋಟದ ಬಸ್ಸು ಹತ್ತಿದರು.

ಮುಂದಿನ ವಾರ ಮಾಲಕರಿಗೆ ನಿಜ ಹೇಳಬೇಕೆಂದುಕೊಂಡೆ. ವಾರದೊಡನೆ ಚೌಕಾಸಿ ಮಾಡಿದೆ, ಅದು ತಿಂಗಳಿಗೆ ಒಪ್ಪಿತು; ತಿಂಗಳು ವರ್ಷಕ್ಕೆ ಒಪ್ಪಿತು. ಕಾಕಾ ಅಷ್ಟು ದಿನ ಕಾಯಲು ಒಪ್ಪಲಿಲ್ಲ. ನಾನು ಅಕ್ಕಲಕೋಟಕ್ಕೆ ಹೋದಾಗ ಅವರ ಫೋಟೋಕ್ಕೆ ಹಾರ ಬಿದ್ದು ಒಂಬತ್ತು ದಿನವಾಗಿತ್ತು.

ಕಾಕಾನ ಹೆಂಡತಿ ಕಾಕೂ ಚಹಾ ತಂದಿಟ್ಟು ಎದುರಿಗೆ ಕೂತರು. "ಆ ಕಾರ್ಖಾನಿ ಬಿಟ್ಟಮ್ಯಾಲ ಸುಮ್ಮ ತಮ್ಮ ಕೈಬೆರಳ ನೋಡಕೋಂತ ಕೂಡತಿದ್ರು. ಕೇಳಿದ್ರ ಹೂಂ ಅನ್ನಲಿಲ್ಲ, ಊಂಹೂಂ ಅನ್ನಲಿಲ್ಲ. ನೀ ಅಲ್ಲೇ ಇದ್ದಿ. ಖರೇ ಹೇಳು ತಮ್ಮಾ, ಇವರ ಕೈ ತಪ್ಪಿತ್ತೇನು?"

ಈಗ ನಾನು ಪ್ರತಿ ಪೆಟ್ಟಿಗೆಗೂ ಕೈಯಿಂದಲೇ ಬರೆಯುತ್ತೇನೆ, ಊರಿಗೆಲ್ಲ ಅದನ್ನೇ ಬೋಧಿಸುತ್ತೇನೆ. ಆದರೆ ಅವತ್ತು ಕಾಕೂನ ಮುಂದೆ ನಾಲಿಗೆ ತನ್ನ ರೂಢಿಯನ್ನು ಬಿಡಲಿಲ್ಲ.

"ಇಬ್ಬರದೂ ಇತ್ರೀ ಕಾಕೂ," ಎಂದೆ, "ಅರ್ಧಾ ಅರ್ಧಾ."

ಕಾಕೂ ಚೌಕಾಸಿ ಮಾಡುವವರಲ್ಲ. ತಲೆಯಾಡಿಸಿ ಒಪ್ಪಿಕೊಂಡರು.