ಇಂಜೆಕ್ಷನ್ ಆದ ದನದ ಹಾಲು ಎಲ್ಲಿಗೆ ಹೋಯಿತು

ನಂಬುವುದಿಲ್ಲ ಅಂತೀರಾ? ಬಿಡಿ, ನಂಬಬೇಡಿ. ಚಾದ ಒಂದು ಗುಟುಕಿನಲ್ಲೇ ಹಾಲು ಯಾವ ಹಟ್ಟಿಯದು ಎಂದು ಹೇಳುವ ಗಂಡು ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾನೊಬ್ಬನೇ. ದನಕ್ಕೆ ಕೊಟ್ಟ ಔಷಧ ಹಾಲಿನಲ್ಲಿ ಉಳಿದಿದೆಯೇ ಎಂದು ನೋಡಲು ಸ್ಯಾಂಪಲ್ ತರುವುದು ನನ್ನ ಗುತ್ತಿಗೆ ಕೆಲಸ. ಎರಡು ವರ್ಷಕ್ಕೇ ಸುಸ್ತಾಗಿದೆ. ಇಂಥದ್ದು ನಡೆಯದ ವಾರವಿಲ್ಲ.

ಗುಲ್ವಾಡಿಯ ಉಪಚಾರ

ಅಲ್ಲಿ ಒಂದು ಮನೆಯ ದನಕ್ಕೆ ಕೆಚ್ಚಲು ಬಾವು, ಇಂಜೆಕ್ಷನ್ ಆಗಿತ್ತು. ಹಾಲು ಕೇಳಿದೆ. ಮನೆಯ ಅಕ್ಕ ಜಗಲಿಯಲ್ಲಿ ಕೂರಿಸಿ, ಅವಲಕ್ಕಿ ಕೊಟ್ಟು, ಒಳಗಿಂದ ಹಾಲು ತಂದರು. ಕಾಯಿಸಿದ್ದು, ಕೆನೆ ಕಟ್ಟಿದ್ದು, ಸಕ್ಕರೆಯೂ ಹಾಕಿದ್ದು. ಇದು ಆ ದನದ್ದೇನಾ ಎಂದು ಕೇಳಿದೆ.

“ಛೆ, ಸರ್ಕಾರದವ್ರು ಬಾಯ್ಬಿಟ್ಟ್ ಹಾಲ್ ಕೇಂಡ್ರೆ ಹುಷಾರಿಲ್ಲದ್ ದನದ್ ಕೊಡುದಾ? ಪಕ್ಕದ್ಮನಿಂದ ತಂದದ್ದ್.”

ಬಸ್ಸಿನಲ್ಲಿ ಐಸ್ ಪೆಟ್ಟಿಗೆ

ಸ್ಯಾಂಪಲ್ ಪೆಟ್ಟಿಗೆ ಕಾಲ ಬಳಿ ಇಟ್ಟು ತೂಕಡಿಸುತ್ತಿದ್ದೆ. ಪಕ್ಕದಲ್ಲಿ ಕೂತ ಮೀನು ಮಾರುವ ಅಕ್ಕ ಏನೋ ಕೇಳಿದರು, ನಾನು ಹೂಂ ಅಂದೆ. ಅವರು ಸಾಸ್ತಾನದಲ್ಲಿ ಇಳಿದರು. ಬ್ರಹ್ಮಾವರದ ಲ್ಯಾಬಿನಲ್ಲಿ ಮುಚ್ಚಳ ತೆಗೆದರೆ ಹಾಲಿನ ಬಾಟಲಿಗಳ ನಡುವೆ ಆರು ಬಂಗುಡೆ. ಸಾಹೇಬರು ನಗಲಿಲ್ಲ. ನೀನು ತರುವುದೆಲ್ಲ ಒಂದೋ ಪಕ್ಕದ ಮನೆಯದು, ಇಲ್ಲಾ ಮೀನಿನ ವಾಸನೆಯದು; ಈ ವಾರ ಇಂಜೆಕ್ಷನ್ ಆದ ದನದ್ದೇ ಹಾಲು ತಾರದಿದ್ದರೆ ಗುತ್ತಿಗೆ ಇಲ್ಲಿಗೇ ಮುಗಿಯಿತು ಅಂದರು.

ಮರುದಿನ ಆ ಅಕ್ಕ ಬಸ್ ಸ್ಟ್ಯಾಂಡಿನಲ್ಲೇ ಹಿಡಿದರು. “ಹ್ವಾಯ್, ನನ್ ಬಂಗ್ಡಿ ಎಲ್ಲ್?” ಲ್ಯಾಬಿನವರ ಹತ್ತಿರ ಉಳಿಯಿತು ಅಂದೆ.

“ಹೌದಾ? ಸಾರ್ ಹ್ಯಾಂಗ್ ಆಯ್ತಂಬ್ರ್?”

ಯಡ್ತರೆ, ನಮ್ಮದೇ ಹಟ್ಟಿ

ಬೇಜಾರಲ್ಲಿ ಮನೆಗೆ ಬಂದರೆ ನಮ್ಮ ದನಕ್ಕೇ ಕೆಚ್ಚಲು ಬಾವು; ಡಾಕ್ಟರು ಇಂಜೆಕ್ಷನ್ ಕೊಟ್ಟು ಹೋಗಿದ್ದರು. ಇನ್ನು ಕೆಲವು ದಿನ ಡೈರಿಗೆ ಹಾಲು ಹಾಕಬೇಡ ಎಂದು ಅಮ್ಮನಿಗೆ ಭಾಷಣ ಬಿಗಿದೆ. ನನ್ನ ಕೈಯಾರೆ ಕರೆದು, ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಹೋದೆ. ನಾಲ್ಕನೇ ದಿನ ಫಲಿತಾಂಶ ಬಂತು: ಔಷಧ ಇದೆ. ಸಾಹೇಬರು ಬೆನ್ನು ತಟ್ಟಿ, ಆ ಹಾಲು ಎಲ್ಲಿಗೆ ಹೋಗುತ್ತಿದೆ ಎಂದು ಬರೆದು ತಾ ಅಂದರು.

ಪುಸ್ತಕ, ಪೆನ್ನು ಹಿಡಿದು ಅಮ್ಮನ ಎದುರು ನಿಂತೆ. ಡೈರಿಗೆ ಹಾಕಿದೆಯಾ ಎಂದು ಗದರಿದೆ.

“ನೀ ಬ್ಯಾಡ ಅಂದ್ಮೇಲೆ ಹಾಕುದುಂಟಾ?”

“ಮತ್ತೆಂತ ಮಾಡ್ದೆ?”

“ಚೆಲ್ಲೂಕೆ ಮನಸ್ ಬರ್ಲಿಲ್ಲೆ ಮಗಾ. ಅವತ್ತಿಂದ ನಿನ್ ಚಾಕ್ಕೇ ಹಾಕ್ತಿದ್ದೆ.”

ಹಾಗೇ ಬರೆದುಕೊಟ್ಟೆ. ಗುತ್ತಿಗೆ ಇನ್ನೂ ಆರು ತಿಂಗಳು ಮುಂದುವರಿಯಿತು. ಆ ಸಂಜೆ ಮನೆಯಲ್ಲಿ ನನಗೆ ಕೊಟ್ಟದ್ದು ಹಾಲಿಲ್ಲದ ಚಾ.