ಕರಿಬೇವಿಗೆ ನಾನು ಉಳಿಸಿಕೊಟ್ಟ ನೀರು

ನೀರು ಉಳಿಸುವ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ ಎಂದು ಕಳೆದ ಬೇಸಿಗೆಯವರೆಗೂ ನಾನು ದೃಢವಾಗಿ ನಂಬಿದ್ದೆ. ಯಾಕೆ ನಂಬಬಾರದು? ನಾನು ಬೆಳೆದದ್ದು ಬೆಂಗಳೂರಿನ ರಾಜಾಜಿನಗರದಲ್ಲಿ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದ ಕಾಲದಲ್ಲಿ. ಒಂದೇ ಬಕೆಟ್ಟಿನಲ್ಲಿ ತಲೆಸ್ನಾನ ಮುಗಿಸಿ, ಮಿಕ್ಕ ಎರಡು ಚೊಂಬಿನಲ್ಲಿ ಬನಿಯನ್ ಹಿಂಡಿ ಹಾಕುತ್ತಿದ್ದವನು ನಾನು! ಆದ್ದರಿಂದ ನಾವೀಗ ಇರುವ ಅಮೆರಿಕದ ಟೆಕ್ಸಾಸಿನ ರೌಂಡ್ ರಾಕ್ ಊರಿನಲ್ಲಿ ಮಳೆ ಕೈಕೊಟ್ಟು, ‘ಹುಲ್ಲಿಗೆ ವಾರಕ್ಕೊಂದೇ ದಿನ ನೀರು, ರಸ್ತೆಗೆ ನೀರು ಹರಿಸಿದರೆ ನೋಟಿಸು’ ಎಂಬ ಕಾಗದ ಕಾಲೊನಿಯ ಸಂಘದಿಂದ ಬಂದಾಗ ಅಕ್ಕಪಕ್ಕದವರು ಗಾಬರಿಯಾದರು. ನಾನು ಮಾತ್ರ ಇಲ್ಲದ ಮೀಸೆಯನ್ನು ತಿರುವಿದೆ.

ಅದೇ ವಾರ ನಮ್ಮ ಕನ್ನಡ ಬಳಗದ ವಾಟ್ಸಾಪಿನಲ್ಲಿ, ‘ನೀರಿನ ಉಳಿತಾಯದ ಬಗ್ಗೆ ಯಾರಾದರೂ ಹತ್ತು ನಿಮಿಷ ಮಾತಾಡ್ತೀರಾ?’ ಎಂಬ ವಿನಂತಿ ಬಂತು. ಉಳಿದವರು ಓದಿ ಮುಗಿಸುವ ಮೊದಲೇ ನಾನು ಒಪ್ಪಿಕೊಂಡಾಗಿತ್ತು. ಭಾಷಣಕ್ಕೆ ಎರಡು ವಾರ ಸಮಯವಿತ್ತು. ಅನುಭವದಿಂದ ಮಾತಾಡಬೇಕಲ್ಲ, ಪ್ರಯೋಗಕ್ಕೆ ಮನೆಯೇ ಇತ್ತು!

ಮನೆಯೂ ಸಮಯಕ್ಕೆ ಸರಿಯಾಗಿ ನನ್ನ ಕೈಗೆ ಬಂತು. ನನ್ನ ಹೆಂಡತಿ ಸುಮಾ ತಂಗಿಯ ಬಾಣಂತನಕ್ಕೆಂದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಗೆ ಹೊರಟಳು. ಅವಳು ಮರಳುವುದು ನನ್ನ ಭಾಷಣದ ಹಿಂದಿನ ದಿನ. ಕಾರಿಗೆ ಅಂಟಿನುಂಡೆಯ ಡಬ್ಬಿ ಇಟ್ಟವಳು ಮತ್ತೆ ಬಾಗಿಲಿಗೆ ಬಂದಳು.

“ರೀ, ಮನೆ ಹೇಗಾದ್ರೂ ಇರ್ಲಿ. ನನ್ನ ಕರಿಬೇವು ಒಂದನ್ನ ನೋಡ್ಕೊಳ್ಳಿ. ನೀರು ಹೇಗೆ ಹಾಕೋದು ಅಂದ್ರೆ, ಸಿಂಕ್ ಹತ್ರ ಸ್ಟೀಲ್ ಬೇಸಿನ್ ಇದ್ಯಲ್ಲ, ಅದ್ರಲ್ಲಿ...”

“ಸುಮಾ,” ಎಂದು ಕೈ ಎತ್ತಿ ತಡೆದೆ. “ಒಂದು ಗಿಡಕ್ಕೆ ನೀರು ಹಾಕೋದನ್ನ ನನಗೆ ಹೇಳ್ಕೊಡ್ತೀಯಾ? ನನಗೆ?”

ಅವಳು ನನ್ನ ಮುಖ ನೋಡಿದಳು, ಗಿಡದ ಮುಖ ನೋಡಿದಳು, ಹೊರಟಳು.

ಆ ಗಿಡದ ಸ್ಥಾನಮಾನವನ್ನು ಇಲ್ಲಿ ಹೇಳಲೇಬೇಕು. ಏಳು ವರ್ಷದ ಹಿಂದೆ ಗೆಳತಿಯೊಬ್ಬಳು ಕೊಟ್ಟ ಬೆರಳುದ್ದದ ಸಸಿ ಅದು. ಚಳಿಗಾಲ ಬಂದರೆ ಕುಂಡಕ್ಕೆ ನಡುಮನೆಯಲ್ಲಿ ಕಿಟಕಿ ಪಕ್ಕದ ಜಾಗ, ನನ್ನ ಕುರ್ಚಿಗೆ ಮೂಲೆ. ಹಿಮ ಬಿದ್ದು ಊರಿಗೆ ಊರೇ ಕರೆಂಟಿಲ್ಲದೆ ಕೂತಿದ್ದಾಗ ಮನೆಯ ಒಳ್ಳೆಯ ರಗ್ಗು ಗಿಡಕ್ಕೆ ಸಿಕ್ಕಿತು, ನನಗೆ ಎರಡು ಸ್ವೆಟರ್ ಸಿಕ್ಕವು. ಪ್ರತಿ ಹೊಸ ಚಿಗುರಿನ ಫೋಟೋ ಮೈಸೂರಿನ ಅತ್ತೆಗೆ ಹೋಗುತ್ತದೆ. ನನ್ನ ಪ್ರಮೋಷನ್ ಸುದ್ದಿ ಹೋಗಿರಲಿಲ್ಲ.

ಮೊದಲ ದಿನ ಸಿಂಕಿನ ಪಕ್ಕ ಸುಮ್ಮನೆ ಬಿದ್ದಿದ್ದ ಆ ಸ್ಟೀಲ್ ಬೇಸಿನ್ನನ್ನು ಜಪ್ತಿ ಮಾಡಿ ಬಚ್ಚಲಿಗೆ ಒಯ್ದೆ. ಬಿಸಿನೀರು ಬರುವವರೆಗೆ ವ್ಯರ್ಥವಾಗುವ ತಣ್ಣೀರನ್ನು ಹಿಡಿಯುವ ಯೋಜನೆ. ಅದರಲ್ಲಿ ಕಾಲಿಟ್ಟು ಮೊದಲು ಜಾರಿದವನು ನಾನೇ. ಹದಿನಾಲ್ಕರ ಮಗಳು ನಿಧಿ ಶಬ್ದ ಕೇಳಿ ಓಡಿಬಂದಳು.

“ಅಪ್ಪಾ, ಆರ್ ಯೂ ಓಕೆ?”

“ನೀರು ಚೆಲ್ಲಿತಾ ನೋಡು!” ಎಂದೆ.

ಅವಳು ಅಂದಿನಿಂದ ಈಜುಕೊಳಕ್ಕೆ ಹೋಗಿ ಅಲ್ಲಿಯೇ ಸ್ನಾನ ಮುಗಿಸಿ ಬರತೊಡಗಿದಳು. ಇದನ್ನೂ ನಾನು ಉಳಿತಾಯದ ಪಟ್ಟಿಗೆ ಸೇರಿಸಿಕೊಂಡೆ.

ಮೂರನೆಯ ದಿನ ಗರಾಜಿನಲ್ಲಿ ನನಗೆ ಮಹಾ ಸಾಕ್ಷಾತ್ಕಾರವಾಯಿತು. ನಮ್ಮ ಕಡೆಯ ನೀರು ಗಡಸು. ಅದರಲ್ಲಿ ಸ್ನಾನ ಮಾಡಿದರೆ ಕೂದಲು ತೆಂಗಿನ ನಾರಾಗುತ್ತದೆ. ಅದಕ್ಕೇ ಗರಾಜಿನಲ್ಲಿ ನೀರನ್ನು ಮೆದು ಮಾಡುವ ಒಂದು ಯಂತ್ರವಿದೆ. ತಿಂಗಳಿಗೊಂದು ಮೂಟೆ ಉಪ್ಪು ಅದರ ಹೊಟ್ಟೆಗೆ ಸುರಿಯಬೇಕು. ಸುರಿಯುವ ಕೆಲಸ ನನ್ನದು, ಆಮೇಲಿನ ಬೆನ್ನುನೋವೂ ನನ್ನದೇ. ಆ ಯಂತ್ರ ಎರಡು ಮೂರು ದಿನಕ್ಕೊಮ್ಮೆ ತನ್ನನ್ನು ತಾನೇ ತೊಳೆದುಕೊಂಡು, ಬಕೆಟ್ಟುಗಟ್ಟಲೆ ನೀರನ್ನು ಚರಂಡಿಗೆ ಬಿಡುತ್ತಿತ್ತು. ತಿಳಿಯಾದ ನೀರು! ಕಣ್ಣೆದುರೇ ಹರಿದು ಹೋಗುತ್ತಿದೆ! ಇಷ್ಟು ವರ್ಷ ಇದನ್ನು ಯಾರೂ ಗಮನಿಸಿರಲಿಲ್ಲವಲ್ಲ ಎಂದು ಜನರ ಬಗ್ಗೆ ಮರುಕವಾಯಿತು.

ಪೈಪನ್ನು ತಿರುಗಿಸಿ ದೊಡ್ಡ ಡ್ರಮ್ಮಿಗೆ ಬಿಟ್ಟೆ. ತುಂಬಿದ ಡ್ರಮ್ಮಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡೆ. ಭಾಷಣದ ಮೊದಲ ಸ್ಲೈಡಿಗೆ ಆಯಿತು. ಸಾಲದೆಂದು ಮನೆ ಮುಂದಿನ ಹುಲ್ಲಿನ ಮೇಲೆ ‘ಈ ಮನೆಯಲ್ಲಿ ಒಂದು ಹನಿ ನೀರೂ ವ್ಯರ್ಥವಾಗುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದ ಬೋರ್ಡು ನೆಟ್ಟೆ. ನಂತರ ಒಂದು ಚೊಂಬು ತುಂಬಿಕೊಂಡು, ಪ್ರಥಮ ಪ್ರಸಾದವನ್ನು ಕರಿಬೇವಿಗೆ ಅರ್ಪಿಸಿದೆ.

ನಾಲ್ಕು ದಿನಕ್ಕೆ ಎಲೆಗಳ ಅಂಚು ಕಂದಿತು. ಪಾಪ, ಟೆಕ್ಸಾಸಿನ ಬಿಸಿಲು, ಬಾಯಾರಿದೆ ಎಂದುಕೊಂಡು ಎರಡು ಚೊಂಬು ಹಾಕಿದೆ. ಎಲೆ ಉದುರತೊಡಗಿತು. ನಾಲ್ಕು ಚೊಂಬು ಹಾಕಿದೆ. ಮಣ್ಣಿನ ಮೇಲೆ ಬೆಳ್ಳಗೆ ಪುಡಿ ಕಟ್ಟಿತು. ಖನಿಜಾಂಶ! ಗಿಡಕ್ಕೆ ಟಾನಿಕ್ಕು ಎಂದು ಸಂತೋಷಪಟ್ಟೆ.

ಸುಮಾ ದಿನವೂ ಫೋನ್ ಮಾಡುತ್ತಿದ್ದಳು. “ಗಿಡ ಹೇಗಿದೆ? ಒಂದ್ಸಲ ವಿಡಿಯೋ ತೋರ್ಸಿ.”

“ಮಲಗಿದೆ” ಎಂದೆ. ಗಿಡದ ಬಗ್ಗೆ ಹೀಗೆ ಹೇಳಿದ ಮೊದಲ ಮನುಷ್ಯ ನಾನೇ ಇರಬೇಕು.

ಅವಳು ಬರುವ ದಿನ ಬೆಳಿಗ್ಗೆ ಎದುರುಮನೆಯ ಶಕುಂತಲಾ ಆಂಟಿ ಬಂದರು. ಧಾರವಾಡದವರು, ಮಗನ ಮನೆಯಲ್ಲಿದ್ದಾರೆ. “ಒಗ್ಗರಣಿಗೆ ನಾಕು ಎಸಳು ಕರಿಬೇವು ಬೇಕಾಗಿತ್ರಿ” ಎಂದವರು ಗಿಡ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಅಲ್ಲಿ ಉಳಿದಿದ್ದುದೇ ಐದು ಎಸಳು.

“ಅಯ್ಯೋ ಶಿವನ! ಏನ್ ಹಾಕೀರಿ ಇದಕ್ಕ?”

ನಾನು ಹೆಮ್ಮೆಯಿಂದಲೇ ಡ್ರಮ್ಮು ತೋರಿಸಿದೆ. ಆಂಟಿ ಕುಂಡದ ಬಿಳಿ ಪುಡಿಯನ್ನು ಬೆರಳಲ್ಲಿ ತೆಗೆದು ನೋಡಿದರು. ಆಮೇಲೆ ಡ್ರಮ್ಮಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಥೂ ಎಂದು ಉಗಿದರು.

“ಏನ್ರಿ ಶ್ರೀಧರ, ಇದರಾಗ ಉಪ್ಪಿನಕಾಯಿ ಹಾಕವರಿದ್ದೀರೇನು?”

ನಾನೂ ಬೆರಳದ್ದಿ ನೆಕ್ಕಿದೆ. ಸಮುದ್ರ! ತಿಂಗಳಿಗೊಂದು ಮೂಟೆಯಂತೆ ನನ್ನ ಕೈಯಾರೆ, ನನ್ನ ಬೆನ್ನಾರೆ ಸುರಿದ ಉಪ್ಪು ಎಲ್ಲಿಗೆ ಹೋಗುತ್ತದೆ ಎಂದು ಇಪ್ಪತ್ತು ವರ್ಷ ಹಾರ್ಡ್‌ವೇರ್ ಇಂಜಿನಿಯರ್ ಆಗಿ ದುಡಿದ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಸುಮಾಳ ಏಳು ವರ್ಷದ ಗಿಡವನ್ನು ನಾನು ಹತ್ತು ದಿನದಲ್ಲಿ ಉಪ್ಪು ಹಾಕಿ ಊರಿಸಿದ್ದೆ.

“ಆಂಟಿ, ಏನಾದ್ರೂ ಮಾಡಬಹುದಾ?”

“ಸಿಹಿನೀರು ಬಿಡ್ರಿ. ಮ್ಯಾಲಿಂದ ಹಾಕಿದ್ದು ತಳದಾಗಿಂದ ಹರದು ಹೋಗಬೇಕು. ಎಲ್ಲಾ ಉಪ್ಪು ತೊಳದು ಹೋಗೂತನಕ ಬಿಡ್ರಿ. ಕೈ ಹಿಡೀಬ್ಯಾಡ್ರಿ.”

ಕುಂಡವನ್ನು ಗರಾಜಿನ ಮುಂದೆ ಎಳೆದು ತಂದು, ಅಂಗಳದ ನಲ್ಲಿಗೆ ಪೈಪು ಸಿಕ್ಕಿಸಿ ಬಿಟ್ಟೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮುಕ್ಕಾಲು ಗಂಟೆ. ಎರಡು ವಾರ ಜಾರಿ ಬಿದ್ದು ಉಳಿಸಿದ ನೀರೆಲ್ಲ, ಅದರ ಮೇಲೆ ಇನ್ನಷ್ಟು, ಇಳಿಜಾರಿನಲ್ಲಿ ಹರಿದು ರಸ್ತೆ ಸೇರಿತು. ಆಗಲೇ ನಮ್ಮ ಕಾಲೊನಿಯ ಸಂಘದವರ ಕಾರು ಮೆಲ್ಲಗೆ ಬಂದು ನಿಂತಿತು. ಕಿಟಕಿಯಿಂದ ಒಂದು ಫೋನು ಹೊರಬಂತು. ಕ್ಲಿಕ್! ಫೋಟೋ ಚೆನ್ನಾಗಿಯೇ ಬಂದಿದೆ, ನೋಟಿಸಿನ ಜೊತೆ ಕಳಿಸಿದ್ದಾರೆ. ಮುಂದೆ ನೀರಿನ ಹೊಳೆ, ಮಧ್ಯೆ ಪೈಪು ಹಿಡಿದ ನಾನು, ಹಿಂದೆ ‘ಒಂದು ಹನಿ ನೀರೂ ವ್ಯರ್ಥವಾಗುವುದಿಲ್ಲ’ ಎಂಬ ಬೋರ್ಡು. ಒಂದಕ್ಷರವೂ ಮಸುಕಾಗಿಲ್ಲ.

ಸುಮಾಳ ಕಾರು ಬಂದಾಗ ನಾನಿನ್ನೂ ಪೈಪು ಹಿಡಿದೇ ನಿಂತಿದ್ದೆ. ನೆಪ ಹೇಳುವ ಧೈರ್ಯವೂ ಇರಲಿಲ್ಲ. ಎಲ್ಲವನ್ನೂ ಒಪ್ಪಿಸಿದೆ. ಅವಳು ಬೈಯಲಿಲ್ಲ. ಕುಂಡದ ಪಕ್ಕ ಕೂತು, ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದಳು. ಒಳಗೆ ಹಸಿರಿತ್ತು.

“ಜೀವ ಇದೆ” ಎಂದಳು. ಅವಳ ಕಣ್ಣು ತುಂಬಿತ್ತು. ನನ್ನದೂ.

ಒಳಗೆ ಬಂದು ಅನ್ನಕ್ಕಿಡಲು ಅಕ್ಕಿ ತೊಳೆಯುತ್ತಾ, ಅಭ್ಯಾಸಬಲದಿಂದ ಸಿಂಕಿನ ಪಕ್ಕ ಕೈಯಾಡಿಸಿದಳು.

“ಬೇಸಿನ್ ಎಲ್ಲಿ?”

“ಬಚ್ಚಲಲ್ಲಿ. ಯಾಕೆ?”

“ಯಾಕೆ ಅಂದ್ರೆ? ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೆಲ್ಲ ಅದ್ರಲ್ಲೇ ಹಿಡಿಯೋದು. ಏಳು ವರ್ಷದಿಂದ ಆ ಗಿಡ ಕುಡಿದಿರೋದು ಅದನ್ನೇ. ನಲ್ಲಿ ನೀರು ಒಂದು ಲೋಟಾನೂ ಹಾಕಿಲ್ಲ ನಾನು.” ಅಕ್ಕಿ ಪಾತ್ರೆ ಕೆಳಗಿಟ್ಟು ಕೇಳಿದಳು, “ಈ ಎರಡು ವಾರ ಅಕ್ಕಿ ತೊಳೆದ ನೀರು ಏನ್ಮಾಡಿದ್ರಿ?”

ನಿಧಿ ಉತ್ತರಿಸಿದಳು. “ಎಲ್ಲಾ ಸಿಂಕಿಗೇ ಚೆಲ್ಲಿದ್ರು, ಅಮ್ಮಾ. ಎವ್ರಿ ಡೇ.”

ಸುಮಾ ನನ್ನನ್ನು ನೋಡಿದಳು. ನಗಬಾರದೆಂದು ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಸಿಂಕ್ ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕಳು.

ಮರುದಿನ ಬಳಗದಲ್ಲಿ ನೀರಿನ ಉಳಿತಾಯದ ಬಗ್ಗೆ ಮಾತಾಡಿದವಳು ಸುಮಾ. ಕೈಯಲ್ಲಿ ಒಂದೇ ಒಂದು ಸ್ಟೀಲ್ ಬೇಸಿನ್ ಹಿಡಿದು ಎರಡು ನಿಮಿಷದಲ್ಲಿ ಮುಗಿಸಿದಳು. ಉಳಿದ ಎಂಟು ನಿಮಿಷ ನನ್ನ ಕಥೆ ಹೇಳಿದಳು, ಚಪ್ಪಾಳೆ ಬಿದ್ದದ್ದು ಅದಕ್ಕೇ!

ಗಿಡ ಈಗ ಮೂರು ಚಿಗುರು ಬಿಟ್ಟಿದೆ. ಫೋಟೋ ಮೈಸೂರಿಗೆ ಹೋಗಿದೆ. ದಿನವೂ ಬೇಸಿನ್ ಹೊತ್ತುಕೊಂಡು ಹೋಗಿ ನೀರು ಹಾಕುವ ಕೆಲಸವನ್ನು ಸುಮಾ ನನಗೇ ವಹಿಸಿದ್ದಾಳೆ. ಆದರೆ ನಾನು ಕುಂಡ ಮುಟ್ಟುವ ಮೊದಲು, ಬೇಸಿನ್ನಿಗೆ ಬೆರಳದ್ದಿ ಅವಳೊಮ್ಮೆ ರುಚಿ ನೋಡುತ್ತಾಳೆ.