ಕಿತ್ತುಹಾಕಿದ ನಾಲ್ಕು ಸಾಲು

ತೊಂದರೆಗೆಲ್ಲ ಮೂಲ ಒಂದು ಖಾಲಿ ಹಾಳೆ. ಏನೇ ಮುದ್ರಿಸು ಎಂದರೂ ಮೊದಲು ಒಂದು ಬಿಳಿ ಹಾಳೆಯನ್ನು ಉಗುಳಿ, ಆಮೇಲೆ ಕೆಲಸಕ್ಕೆ ಕೈಹಚ್ಚುವುದು ಆ ಆಫೀಸಿನ ಪ್ರಿಂಟರಿನ ಚಾಳಿ. ವರ್ಷಗಳಿಂದ ಹಾಗೇ ನಡೆದಿತ್ತು, ಯಾರೂ ಚಕಾರವೆತ್ತಿರಲಿಲ್ಲ.

ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ರಿಪೇರಿರಾಯ ಎಂದೇ ಹೆಸರು. ಅವನು ರಜೆ ಕೇಳಲು ಹೋದಾಗ ಸಾಹೇಬರು ಅಂದರು: “ಕಾಗದ ಪೋಲಾಗ್ತಿದೆ ಅಂತ ಮೇಲಿನವರು ಬೈತಿದ್ದಾರೆ. ಇವತ್ತು ಅದನ್ನ ನಿಲ್ಲಿಸು, ಸಂಜೆ ರಜೆ ತಗೋ.”

ಸಂಜೆಯ ರೈಲಿಗೆಂದು ಹೆಂಡತಿ ಆಗಲೇ ಪೆಟ್ಟಿಗೆ ತುಂಬಿ ಕೂತಿದ್ದಳು. ಸಮುದ್ರ ತೋರಿಸುತ್ತೇನೆಂದು ಮದುವೆಯಾದಾಗಿನಿಂದ ಅವಳ ಮೂಗಿಗೆ ತುಪ್ಪ ಸವರುತ್ತಲೇ ಬಂದಿದ್ದ. ಈ ಸಲವೂ ತಪ್ಪಿದರೆ ಯಾವ ಮುಖ ಹೊತ್ತು ಮನೆಗೆ ಹೋಗುವುದು ಎಂಬ ಭಯ ಅವನಿಗೆ.

ಪ್ರಿಂಟರು, ಪರದೆ, ಕೀಲಿಮಣೆ ಎಲ್ಲವನ್ನೂ ಒಳಗಿಂದ ಆಡಿಸುವ ಯಜಮಾನನಿಗೆ ಕರ್ನೆಲ್ ಎನ್ನುತ್ತಾರೆ. ಅದರ ಹೊಸ ಆವೃತ್ತಿ ಬಂದಿತ್ತು. ರಿಪೇರಿರಾಯ ಬೆಳಿಗ್ಗೆಯೇ ಅದನ್ನು ಹಾಕಿದ. ಖಾಲಿ ಹಾಳೆ ಮಾಯ! ಹಳೆಯ ಕೋಡನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಪ್ರಿಂಟರ್ ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ಒಂದು ಹಾಳೆ ತಳ್ಳುವ ನಾಲ್ಕು ಸಾಲು ಹಳೆಯದರಲ್ಲಿದ್ದವು. ಹೊಸದರಲ್ಲಿ ಯಾರೋ ಪುಣ್ಯಾತ್ಮ ‘ಇನ್ನು ಬೇಕಿಲ್ಲ’ ಎಂದು ಷರಾ ಬರೆದು ಅವನ್ನು ಕಿತ್ತುಹಾಕಿದ್ದ. ರಿಪೇರಿರಾಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಗ ಅಕೌಂಟೆಂಟ್ ಮೇಡಂ ಬಂದು ಮೆಲ್ಲಗೆ ಕೇಳಿದರು. “ಹಾಳೆ ಬರ್ತಿಲ್ವಲ್ಲಪ್ಪ?”

“ಬರಬಾರದು ಮೇಡಂ. ಸರಿಮಾಡಿದೀನಿ.”

“ಚೆನ್ನಾಗಿದ್ದದ್ದನ್ನ ಯಾಕಪ್ಪ ಸರಿಮಾಡೋಕೆ ಹೋದೆ? ನನ್ನ ಮಗ ಲೆಕ್ಕ ಬಿಡಿಸೋದೇ ಅದರ ಮೇಲೆ. ನಿನ್ನ ರಜೆ ಅರ್ಜಿ ನನ್ನ ಮೇಜಿನ ಮೇಲಿದೆ, ನೆನಪಿರಲಿ. ಮತ್ತೆ, ಯಾರಿಗೂ ಹೇಳ್ಬೇಡ.”

ಅವರು ಹೋದ ಬೆನ್ನಿಗೇ ಸ್ಟೋರ್‌ಕೀಪರ್ ಬಂದ. ಅವನ ಹೆಂಡತಿ ಹೊಲಿಗೆಗೆ ನಮೂನೆ ಕತ್ತರಿಸುತ್ತಿದ್ದದ್ದು ಆ ಹಾಳೆಗಳಲ್ಲೇ. “ನೀನಿಲ್ಲದಾಗ ನಿನ್ನ ಕೆಲಸ ನೋಡ್ಕೋತೀನಿ ಅಂದಿದ್ನಲ್ಲ, ಈಗ ಯಾಕೋ ಸೊಂಟ ಹಿಡ್ಕೊಂಡಿದೆ,” ಎಂದು ನರಳಿದ. “ಹಾಳೆ ಬಂದ್ರೆ ಬಿಡಬಹುದೇನೋ.”

ಇಡೀ ಆಫೀಸಿನಲ್ಲಿ ಆ ಹಾಳೆಯ ಗುಟ್ಟು ತಮಗೊಬ್ಬರಿಗೇ ಗೊತ್ತೆಂದು ಒಬ್ಬೊಬ್ಬರೂ ನಂಬಿದ್ದರು. ಕೊನೆಗೆ ಸಾಹೇಬರೇ ಒಳಗೆ ಕರೆದು ಬಾಗಿಲು ಮುಚ್ಚಿದರು.

“ನೋಡು, ಚಿತ್ರ ಬಿಡಿಸೋಕೆ ಅಂತ ಮೊಮ್ಮಗಳು ದಿನಾ ಸಂಜೆ ಹಾಳೆ ಕಾಯ್ತಿರ್ತಾಳೆ. ಬರಿಗೈಲಿ ಹೋದ್ರೆ ನನ್ನ ಮಾತಾಡಿಸಲ್ಲ.”

“ನಿಲ್ಲಿಸು ಅಂದಿದ್ದು ನೀವೇ ಅಲ್ವಾ ಸಾರ್?”

“ನಿಲ್ಲಿಸಿದೀವಿ ಅಂತ ಮೇಲಿನವರಿಗೆ ಬರೆದಾಯ್ತಲ್ಲ. ಇನ್ನು ಶುರುಮಾಡೋಕೆ ಏನಡ್ಡಿ?”

ರಿಪೇರಿರಾಯ ಊಟ ಬಿಟ್ಟು ಕೂತ. ಹಳೆಯ ಸಾಲುಗಳನ್ನು ತಂದು ಅಂಟಿಸಿದರೆ ಹೊಸ ಕರ್ನೆಲ್ ಅವನ್ನು ಗುರುತೇ ಹಿಡಿಯಲಿಲ್ಲ. ಅವು ಕರೆಯುತ್ತಿದ್ದ ಹೆಸರುಗಳೆಲ್ಲ ಬದಲಾಗಿದ್ದವು, ಕೆಲವು ಇರಲೇ ಇಲ್ಲ. ವಿಳಾಸ ಬದಲಿಸಿದ ನೆಂಟರನ್ನು ಹುಡುಕುವವನಂತೆ ಒಂದೊಂದನ್ನೇ ಪತ್ತೆಮಾಡಿ, ನಾಲ್ಕೂ ಸಾಲುಗಳನ್ನು ಹೊಸದಾಗಿ ಬರೆದ. ಇನ್ನೊಮ್ಮೆ ಈ ಗೋಳು ಬೇಡವೆಂದು, ಮುಂದೆ ಯಾವ ಆವೃತ್ತಿ ಬಂದರೂ ತನ್ನ ಸಾಲುಗಳು ತಾವಾಗಿಯೇ ಅದಕ್ಕೆ ಸೇರಿಕೊಳ್ಳುವಂತೆ ಏರ್ಪಾಡನ್ನೂ ಮಾಡಿದ.

ಖಾಲಿ ಹಾಳೆ ಬಂತು. ಬೆಳಗಿನ ನಷ್ಟ ತುಂಬಿಕೊಳ್ಳಲು ಎಲ್ಲರೂ ಬೇಕಾದ್ದು ಬೇಡದ್ದು ಎಲ್ಲವನ್ನೂ ಮುದ್ರಿಸತೊಡಗಿದರು. ಅರ್ಜಿಗೆ ಸಹಿ ಬಿತ್ತು, ಸೊಂಟವೂ ಬಿಟ್ಟಿತು.

ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಸಾಹೇಬರು, “ಇನ್ನೊಂದು ಹೊಸ ಆವೃತ್ತಿ ಬಂದಿದೆಯಂತೆ. ಹಾಕಿಬಿಡು, ಆಮೇಲೆ ನಿನ್ನ ರಜೆಯ ಆದೇಶ ಮುದ್ರಿಸೋಣ,” ಎಂದರು. ಹಾಕಿದ. ಆದೇಶ ಮುದ್ರಿಸಲು ಕೊಟ್ಟ. ಒಂದು ಖಾಲಿ ಹಾಳೆ ಬಂತು. ಹಿಂದೆಯೇ ಇನ್ನೊಂದು ಖಾಲಿ ಹಾಳೆ ಬಂತು. ಅಲ್ಲಿಗೆ ಕಾಗದ ಮುಗಿದು ಕೆಂಪು ದೀಪ ಮಿಟುಕಿತು. ಸ್ಟೋರ್‌ಕೀಪರ್ ಕೋಣೆಗೆ ಬೀಗ ಹಾಕಿ ಹೋಗಿಯಾಗಿತ್ತು.

ಅವೇ ಎರಡು ಹಾಳೆಗಳನ್ನು ಮತ್ತೆ ತುರುಕಿದ. ಪ್ರಿಂಟರ್ ಮತ್ತೆ ಮೊದಲಿನಿಂದ ಶುರುಮಾಡಿತು, ಎರಡೂ ಬೆಳ್ಳಗೇ ಹೊರಬಂದವು.

ಗಾಬರಿಯಿಂದ ಹೊಸ ಆವೃತ್ತಿಯ ಟಿಪ್ಪಣಿ ತೆಗೆದು ಓದಿದ: ‘ಖಾಲಿ ಹಾಳೆ ನಿಂತುಹೋಯಿತೆಂದು ಲೋಕದ ಎಲ್ಲ ಕಡೆಯ ಆಫೀಸುಗಳಿಂದ ದೂರು ಬಂದಿದೆ. ಬಳಸುವವರ ಅಭ್ಯಾಸ ಕೆಡಿಸಬಾರದೆಂಬುದು ನಮ್ಮ ನಿಯಮ. ತೆಗೆದ ಸಾಲುಗಳನ್ನು ಮರಳಿ ಸೇರಿಸಿದ್ದೇವೆ.’

ಅವರದೊಂದು ಹಾಳೆ, ಇವನದೊಂದು ಹಾಳೆ. ತನ್ನದನ್ನು ತೆಗೆದು ಕರ್ನೆಲ್ಲನ್ನು ಮತ್ತೆ ಕಟ್ಟುವಷ್ಟರಲ್ಲಿ ರೈಲು ಊರು ದಾಟಿರುತ್ತದೆ. ಅಳುವುದೊಂದು ಬಾಕಿ.

“ಸಾರ್, ಆದೇಶ ಕೈಯಲ್ಲೇ ಬರೆದುಕೊಡಿ, ನಿಮ್ಮ ದಮ್ಮಯ್ಯ.”

“ಬರೆದುಕೊಡಬಹುದಿತ್ತಪ್ಪ. ಆದ್ರೆ ಬರೆಯೋಕೆ ಹಾಳೆ ಎಲ್ಲಿದೆ?” ಎನ್ನುತ್ತ ಸಾಹೇಬರು ಆ ಎರಡೂ ಹಾಳೆಗಳನ್ನು ಮುದುಡದಂತೆ ಜೋಪಾನವಾಗಿ ತಮ್ಮ ಚೀಲಕ್ಕೆ ಸೇರಿಸಿದರು.